ಬಚ್ಚಲುಮನೆಯ ಚರಂಡಿ ವಾಸನೆ: ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ನಿರ್ವಾಹಕಿ: ಬಚ್ಚಲುಮನೆಯಲ್ಲಿ ಚರಂಡಿ ವಾಸನೆ ಬರುತ್ತಿದೆಯೆಂದು ಅನೇಕ ಸದಸ್ಯರು ಬರೆಯುತ್ತಿರುವುದರಿಂದ, ಬೆಂಗಳೂರಿನ ಮನೆಗಳಿಗೆ ನೀರು ಮತ್ತು ಒಳಚರಂಡಿಯ ವ್ಯವಸ್ಥೆ ಮಾಡಿಕೊಡುವ ಎಂಜಿನಿಯರ್ ಒಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಮನೆ ಎಷ್ಟನೆಯ ಮಹಡಿಯಲ್ಲಿದೆ, ವಾಸನೆ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ತಪ್ಪದೆ ಬರೆಯಿರಿ.

ಜಯನಗರದ ಸದಸ್ಯೆ: ನಮಸ್ಕಾರ ಸರ್. ಮಗ ಹೊರದೇಶದಲ್ಲಿದ್ದಾನೆ, ಅವನ ಕೋಣೆಯ ಬಚ್ಚಲನ್ನು ಯಾರೂ ಬಳಸುವುದಿಲ್ಲ. ವಾರಕ್ಕೊಮ್ಮೆ ಫಿನಾಯಿಲ್ ಹಾಕಿ ಒರೆಸುತ್ತೇವೆ. ಆದರೂ ಬಾಗಿಲು ತೆರೆದರೆ ಕೊಳೆತ ಮೊಟ್ಟೆಯ ವಾಸನೆ.

ಎಂಜಿನಿಯರ್: ನಮಸ್ಕಾರ ಮೇಡಂ. ಒರೆಸುತ್ತೀರಿ, ಆದರೆ ನೀರು ಸುರಿಯುವುದಿಲ್ಲ, ಅಲ್ಲವೇ? ನೆಲದ ಜಾಲರಿಯ ಕೆಳಗೆ ಇರುವ ನಹಾನಿ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರಿನಷ್ಟು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಗೂ ನಿಮ್ಮ ಕೋಣೆಗೂ ನಡುವೆ ಇರುವ ತಡೆ ಆ ನೀರೊಂದೇ. ಬಳಸದ ಬಚ್ಚಲಿನಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಅದು ಕೆಲವು ವಾರಗಳಲ್ಲಿ ಆರಿಹೋಗುತ್ತದೆ. 2024ರ ಬೇಸಿಗೆಯಲ್ಲಿ ನಗರಕ್ಕೆ ನೀರಿನ ಅಭಾವ ಬಂದಾಗ ಜನ ಎರಡನೆಯ ಬಚ್ಚಲನ್ನು ಮುಚ್ಚಿಟ್ಟರು, ಆಗ ನನಗೆ ಬಂದ ದೂರುಗಳಲ್ಲಿ ಹೆಚ್ಚಿನವು ಇದೇ ಆಗಿದ್ದವು. ನೆಲದ ಜಾಲರಿ, ಕಮೋಡ್, ವಾಶ್ ಬೇಸಿನ್, ಮೂರಕ್ಕೂ ಒಂದೊಂದು ಚೊಂಬು ನೀರು ಹಾಕಿ, ಅರ್ಧ ಗಂಟೆ ಕಿಟಕಿ ತೆರೆದಿಡಿ. ಇಷ್ಟಕ್ಕೆ ವಾಸನೆ ನಿಂತರೆ ಕಾರಣ ಸಿಕ್ಕಂತೆಯೇ. ಬಹಳ ದಿನ ಊರಿಗೆ ಹೋಗುವುದಾದರೆ ಜಾಲರಿಯ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ.

ಮಲ್ಲೇಶ್ವರದ ಸದಸ್ಯ: ಸರ್, ನಮ್ಮ ಅತಿಥಿ ಕೋಣೆಯ ಬಚ್ಚಲಿನಲ್ಲೂ ವಾಸನೆ ಇದೆ. ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬಳಸುತ್ತೇವೆ. ಏನು ಮಾಡಬೇಕು?

ಎಂಜಿನಿಯರ್: ಜಯನಗರದವರಿಗೆ ಬರೆದ ಉತ್ತರವನ್ನು ಓದಿ.

ನಾಗರಬಾವಿಯ ಸದಸ್ಯ: ಎಲ್ಲರ ಉಪಯೋಗಕ್ಕಾಗಿ ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ಜಾಲರಿಗೆ ಒಂದು ಲೋಟ ಅಡುಗೆ ಸೋಡಾ ಸುರಿದು ಅದರ ಮೇಲೆ ವಿನಿಗರ್ ಹಾಕಬೇಕು. ಅದಕ್ಕೂ ಹೋಗದಿದ್ದರೆ ಬ್ಲೀಚಿಂಗ್ ಪುಡಿ ಹಾಕಿ ಮೇಲಿನಿಂದ ಟಾಯ್ಲೆಟ್ ಆ್ಯಸಿಡ್ ಸುರಿದು ಬಾಗಿಲು ಮುಚ್ಚಿ ಒಂದು ಗಂಟೆ ಬಿಡಬೇಕು. ನಂತರ ನಾಲ್ಕು ನುಸಿಗುಳಿಗೆ ಹಾಕಬೇಕು.

ಎಂಜಿನಿಯರ್: ದಯವಿಟ್ಟು ಇದನ್ನು ಯಾರೂ ಮಾಡಬೇಡಿ, ಮುಂದಕ್ಕೆ ಕಳುಹಿಸಲೂ ಬೇಡಿ. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ, ಆಸ್ತಮಾ ಇರುವವರ ಪ್ರಾಣಕ್ಕೇ ಸಂಚಕಾರ ತರಬಹುದು. ಅಡುಗೆ ಸೋಡಾ ಮತ್ತು ವಿನಿಗರಿನಿಂದ ಅಪಾಯವಿಲ್ಲ, ಆದರೆ ಒಡೆದ ಟ್ರ್ಯಾಪನ್ನೋ ಸಡಿಲವಾದ ಜಾಯಿಂಟನ್ನೋ ಅದು ಮುಚ್ಚುವುದಿಲ್ಲ. ನುಸಿಗುಳಿಗೆ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟರಿಂದ ನಿಜವಾದ ದಾರಿ ಹುಡುಕುವುದು ನಮಗೆ ಇನ್ನಷ್ಟು ಕಷ್ಟವಾಗುತ್ತದೆ.

ನಾಗರಬಾವಿಯ ಸದಸ್ಯ: ಸಾವಿರಾರು ಜನರಿಗೆ ಉಪಯೋಗವಾಗಿದೆ ಎಂದು ಸಂದೇಶದಲ್ಲೇ ಇದೆ.

ರಾಜಾಜಿನಗರದ ಸದಸ್ಯೆ: ಸರ್, ನಮ್ಮದು ಮೂರು ಮಹಡಿಯ ಸ್ವಂತ ಕಟ್ಟಡ. ನಾವು ಮೊದಲನೆಯ ಮಹಡಿಯಲ್ಲಿದ್ದೇವೆ, ಕೆಳಗೂ ಮೇಲೂ ಬಾಡಿಗೆಯವರಿದ್ದಾರೆ. ಬಚ್ಚಲನ್ನು ದಿನವೂ ಬಳಸುತ್ತೇವೆ, ನೀರಿಗೆ ಕೊರತೆಯಿಲ್ಲ. ಆದರೂ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಮತ್ತೆ ರಾತ್ರಿ, ತಡೆಯಲಾಗದ ವಾಸನೆ. ಮಧ್ಯಾಹ್ನ ಏನೂ ಇರುವುದಿಲ್ಲ. ಇಬ್ಬರು ಪ್ಲಂಬರುಗಳು ಬಂದು ಜಾಲರಿ ಬದಲಿಸಿದರು, ಕಮೋಡಿನ ಬುಡಕ್ಕೆ ಬಿಳಿ ಸಿಮೆಂಟ್ ಹಾಕಿದರು, ಪ್ರಯೋಜನವಾಗಲಿಲ್ಲ. ಈಗ ಒಬ್ಬರು ನೆಲವನ್ನೆಲ್ಲ ಒಡೆಯಬೇಕೆಂದು ಹೇಳುತ್ತಿದ್ದಾರೆ.

ಎಂಜಿನಿಯರ್: ನೆಲ ಒಡೆಯಲು ಸದ್ಯಕ್ಕೆ ಯಾರನ್ನೂ ಬಿಡಬೇಡಿ. ವಾಸನೆಗೆ ಹೊತ್ತುಗೊತ್ತು ಇದೆ ಎನ್ನುವುದೇ ನನಗೆ ಬಹಳ ಮುಖ್ಯವಾಗಿ ಕಾಣುತ್ತಿದೆ, ಏಕೆಂದರೆ ಒಡೆದ ಕೊಳವೆಯಾಗಿದ್ದರೆ ಮಧ್ಯಾಹ್ನವೂ ನಾರಬೇಕಾಗಿತ್ತು. ನೀವು ಹೇಳುವ ಹೊತ್ತು ಇಡೀ ಕಟ್ಟಡದವರು ಸ್ನಾನ, ಶೌಚ ಮುಗಿಸುವ ಹೊತ್ತು. ಎರಡು ಪ್ರಶ್ನೆಗಳಿವೆ. ಮೇಲಿನ ಮನೆಯವರು ಫ್ಲಶ್ ಮಾಡಿದಾಗ ನಿಮ್ಮ ಜಾಲರಿಯಲ್ಲಿ ಗುಳುಗುಳು ಸದ್ದಾಗುತ್ತದೆಯೇ? ಇತ್ತೀಚೆಗೆ ತಾರಸಿಯಲ್ಲಿ ಏನಾದರೂ ಕಟ್ಟಿಸಿದಿರಾ?

ಎಚ್‌ಎಸ್‌ಆರ್ ಬಡಾವಣೆಯ ಸದಸ್ಯ: ನಮ್ಮದು ನೆಲಮಹಡಿ. ಬೇಸಿಗೆಯಲ್ಲಿ ಏನೂ ಇಲ್ಲ, ಜೋರು ಮಳೆ ಬಂದ ದಿನ ಮಾತ್ರ ಬಚ್ಚಲಿನ ಜಾಲರಿಯಿಂದ ವಾಸನೆ ಬರುತ್ತದೆ, ಎರಡು ಸಲ ಕೊಳಚೆ ನೀರೇ ಮೇಲೆ ಬಂದಿದೆ.

ಎಂಜಿನಿಯರ್: ರಸ್ತೆಯ ಒಳಚರಂಡಿ ಮಳೆಯ ನೀರಿನಿಂದ ತುಂಬಿ ನಿಮ್ಮ ಮನೆಯತ್ತ ಒತ್ತುತ್ತಿದೆ. ಕಾಂಪೌಂಡಿನೊಳಗಿನ ಕೊನೆಯ ಚೇಂಬರಿನಲ್ಲಿ ಹಿಮ್ಮುಖ ಹರಿವು ತಡೆಯುವ ಕವಾಟ ಹಾಕಿಸಿ, ವರ್ಷಕ್ಕೆ ಎರಡು ಸಲ ಅದನ್ನು ತೊಳೆಸಿ. ಕವಾಟ ಮುಚ್ಚಿರುವಷ್ಟು ಹೊತ್ತು ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ, ಮಳೆ ಜೋರಾಗಿರುವಾಗ ಬಳಕೆ ಕಡಿಮೆ ಮಾಡಬೇಕಾಗುತ್ತದೆ. ರಸ್ತೆಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಜಲಮಂಡಳಿಯ 1916ಕ್ಕೆ ದೂರು ಕೊಡಿ. ನಿಮ್ಮ ಬೀದಿಯಲ್ಲಿ ತಾರಸಿಯ ಮಳೆನೀರಿನ ಕೊಳವೆಯನ್ನು ಚೇಂಬರಿಗೆ ಸೇರಿಸಿರುವವರು ಇದ್ದೇ ಇರುತ್ತಾರೆ.

ಬಸವೇಶ್ವರನಗರದ ಸದಸ್ಯ: ಮಳೆನೀರನ್ನು ಚೇಂಬರಿಗಲ್ಲದೆ ಇನ್ನೆಲ್ಲಿ ಬಿಡಬೇಕು? ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ ಮಾಡಿದ್ದಾರೆ. ರಸ್ತೆಗೆ ಬಿಟ್ಟರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ.

ಎಚ್‌ಎಸ್‌ಆರ್ ಬಡಾವಣೆಯ ಸದಸ್ಯ: ನಿಮ್ಮಂಥವರು ಎಲ್ಲ ಬೀದಿಗಳಲ್ಲೂ ಇರುವುದರಿಂದಲೇ ನನ್ನ ತಾಯಿ ಮಲದ ನೀರಿನಲ್ಲಿ ನಿಲ್ಲಬೇಕಾಯಿತು. ಮಳೆನೀರು ಹೋಗಬೇಕಾದದ್ದು ಸಂಪಿಗೆ, ಇಂಗುಗುಂಡಿಗೆ ಅಥವಾ ಮಳೆಚರಂಡಿಗೆ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರಲ್ಲೇ ಕಡ್ಡಾಯವಾಯಿತು.

ಬಸವೇಶ್ವರನಗರದ ಸದಸ್ಯ: ನಮ್ಮ ಮನೆ ಕಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು. ತಗ್ಗಿನಲ್ಲಿ ಕೆರೆಯ ಬದಿಗೆ ಮನೆ ಕೊಂಡುಕೊಂಡವರು ಊರಿನವರನ್ನೆಲ್ಲ ದೂರುವುದು ಸರಿಯಲ್ಲ.

ಎಚ್‌ಎಸ್‌ಆರ್ ಬಡಾವಣೆಯ ಸದಸ್ಯ: ಮನೆ ಯಾವಾಗ ಕಟ್ಟಿದಿರಿ ಎಂಬುದು ಪ್ರಶ್ನೆಯಲ್ಲ, ಕೊಳವೆಯನ್ನು ಎಲ್ಲಿಗೆ ಜೋಡಿಸಿದ್ದೀರಿ ಎಂಬುದು ಪ್ರಶ್ನೆ. ಮೊದಲು ಅದನ್ನು ಬಿಡಿಸಿ.

ಹೆಬ್ಬಾಳದ ಸದಸ್ಯೆ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಸರ್, ಬಚ್ಚಲು ಈಶಾನ್ಯದಲ್ಲಿದ್ದರೆ ವಾಸನೆ ಬರುತ್ತದೆ ಎನ್ನುತ್ತಾರೆ, ಇದು ನಿಜವೇ?

ಎಂಜಿನಿಯರ್: ಮಳೆನೀರಿನ ವಿಷಯದಲ್ಲಿ ಎಚ್‌ಎಸ್‌ಆರ್‌ನವರ ಮಾತು ಸರಿ. ಒಳಚರಂಡಿಗೆ ಮಳೆನೀರು ಬಿಡುವಂತಿಲ್ಲ, ಮನೆ ಎಷ್ಟೇ ಹಳೆಯದಾಗಿದ್ದರೂ. ಇದರ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸಿ.

ಕೆಂಗೇರಿಯ ಸದಸ್ಯೆ: ಸರ್, ನಮ್ಮ ಬಚ್ಚಲಿನಲ್ಲಿಯೂ ನೆಲದ ಹತ್ತಿರ ಕೆಟ್ಟ ವಾಸನೆ ಬರುತ್ತದೆ. ಹೊರಗಿನ ಚರಂಡಿಯಿಂದ ಇರಬೇಕೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹಾಕಿ ಮುಚ್ಚಿಸಿದೆವು. ಅಂದಿನಿಂದ ಮಗಳಿಗೆ ಸ್ನಾನ ಮಾಡುವಾಗ ತಲೆಸುತ್ತು, ತಲೆನೋವು, ಒಮ್ಮೆ ವಾಂತಿಯೂ ಆಯಿತು. ಚರಂಡಿ ಗಾಳಿಗೆ ಹೀಗಾಗುತ್ತದೆಯೇ? ಗ್ಯಾಸ್ ಗೀಸರ್ ಒಳಗೇ ಇದೆ, ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.

ಎಂಜಿನಿಯರ್: ಅಮ್ಮಾ, ಉಳಿದೆಲ್ಲ ಪ್ರಶ್ನೆಗಳನ್ನು ಬದಿಗಿಟ್ಟು ನಿಮಗೆ ಬರೆಯುತ್ತಿದ್ದೇನೆ. ಆ ಗೀಸರನ್ನು ಈ ಕ್ಷಣದಿಂದ ಬಳಸಬೇಡಿ, ವೆಂಟಿಲೇಟರಿನ ಪ್ಲಾಸ್ಟಿಕ್ಕನ್ನು ಈಗಲೇ ಕಿತ್ತುಹಾಕಿ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂಡಬೇಕಾದ ಜಾಗವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ, ಸ್ನಾನ ಮಾಡುತ್ತಿರುವವರು ಕೂಗುವುದಕ್ಕೂ ಶಕ್ತಿಯಿಲ್ಲದೆ ಕುಸಿಯುತ್ತಾರೆ. ನಿಮ್ಮ ಮಗಳಿಗೆ ಆಗಿರುವುದು ಅದರ ಮೊದಲ ಲಕ್ಷಣಗಳಂತೆಯೇ ಇದೆ. ಇಂದೇ ವೈದ್ಯರಿಗೆ ತೋರಿಸಿ, ಗ್ಯಾಸ್ ಗೀಸರ್ ಇದೆ ಎಂಬುದನ್ನು ಮರೆಯದೆ ಹೇಳಿ. ಇನ್ನು ನೆಲದ ಹತ್ತಿರದ ವಾಸನೆ ಚರಂಡಿಯದ್ದೇ ಎಂದು ನಾನು ಒಪ್ಪಲಾರೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಸೋರಿಕೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆಯ ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಬಚ್ಚಲಿನ ದೀಪದ ಸ್ವಿಚ್ಚನ್ನಾಗಲಿ ಎಕ್ಸಾಸ್ಟ್ ಫ್ಯಾನನ್ನಾಗಲಿ ಮುಟ್ಟದೆ ಬಾಗಿಲು ತೆರೆದಿಡಿ, ಅಡುಗೆ ಅನಿಲ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಿ. ದುರಸ್ತಿಯಾದ ಮೇಲೂ ಆ ಗೀಸರ್ ಬಚ್ಚಲಿನ ಒಳಗೆ ಇರಕೂಡದು, ಹೊರಗಿನ ಗೋಡೆಗೆ ಹಾಕಿಸಿ ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತನ್ನಿ.

ಕೆಂಗೇರಿಯ ಸದಸ್ಯೆ: ರೆಗ್ಯುಲೇಟರ್ ಮುಚ್ಚಿದೆವು, ಪ್ಲಾಸ್ಟಿಕ್ ತೆಗೆದೆವು. ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ.

ವೈಟ್‌ಫೀಲ್ಡಿನ ಸದಸ್ಯ: ಜಾಲರಿ ಬದಲಿಸಲು ಸುಮಾರು ಎಷ್ಟು ಖರ್ಚಾಗುತ್ತದೆ?

ನಾಗರಬಾವಿಯ ಸದಸ್ಯ: ಜಾಲರಿಗೆ ಕಾಸ್ಟಿಕ್ ಸೋಡಾ ಹಾಕಿ ಕುದಿಯುವ ನೀರು ಸುರಿಯಬಹುದಲ್ಲವೇ? ಇನ್ನೊಂದು ಗುಂಪಿನಿಂದ ಬಂದಿದೆ.

ಎಂಜಿನಿಯರ್: ಬೇಡ. ಅದು ಉಕ್ಕಿ ಮುಖಕ್ಕೆ ಸಿಡಿಯುತ್ತದೆ, ಪಿವಿಸಿ ಕೊಳವೆಯೂ ಕುದಿಯುವ ನೀರಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಈ ಗುಂಪಿಗೆ ಇಂಥ ಸಂದೇಶಗಳನ್ನು ಇನ್ನು ತರಬೇಡಿ.

ಸರ್ಜಾಪುರ ರಸ್ತೆಯ ಸದಸ್ಯ: ನಮ್ಮಲ್ಲಿ ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್ ಇದೆ. ತುಂಬಿದೆ ಅನ್ನಿಸುತ್ತದೆ, ಬಚ್ಚಲೆಲ್ಲ ವಾಸನೆ. ಒಳಗಿಳಿದು ತೆಗೆಯಲು ಒಬ್ಬ ಹುಡುಗ ಒಪ್ಪಿದ್ದಾನೆ. ಟ್ಯಾಂಕಿನೊಳಗೆ ಒಂದು ಬೆಂಕಿಕಡ್ಡಿ ಗೀರಿ ಹಾಕಿ ಪರೀಕ್ಷಿಸಿದರೆ ಸಾಕೇ?

ಎಂಜಿನಿಯರ್: ಯಾರನ್ನೂ ಇಳಿಸಬೇಡಿ, ಬೆಂಕಿಯನ್ನು ಅದರ ಹತ್ತಿರಕ್ಕೂ ಒಯ್ಯಬೇಡಿ. ಒಳಗೆ ಉರಿಯುವ ಮೀಥೇನ್ ಇರುತ್ತದೆ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಈ ಎರಡನೆಯದು ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ತಿಳಿಯುತ್ತದೆ, ಆದರೆ ನೂರು ಭಾಗದ ಸುಮಾರಿಗೆ ಏರಿದರೆ ಮೂಗೇ ಸೋತುಹೋಗಿ ವಾಸನೆ ಇಲ್ಲವೆಂದು ಅನ್ನಿಸುತ್ತದೆ. ಅದನ್ನು ನಂಬಿ ಇಳಿದವರು, ಅವರನ್ನು ಎತ್ತಲು ಇಳಿದವರು, ಹೀಗೆ ಒಬ್ಬರ ಹಿಂದೆ ಒಬ್ಬರು ಸತ್ತಿದ್ದಾರೆ. ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಶಿಕ್ಷೆ ಇಳಿಸಿದವರಿಗೆ. ಹೀರುಯಂತ್ರದ ಲಾರಿ ಕರೆಸಿ.

ಸರ್ಜಾಪುರ ರಸ್ತೆಯ ಸದಸ್ಯ: ಲಾರಿ ನಮ್ಮ ಓಣಿಗೆ ಬರುವುದಿಲ್ಲ. ಹುಡುಗ ತಾನಾಗಿಯೇ ಒಪ್ಪಿದ್ದಾನೆ.

ಜಯನಗರದ ಸದಸ್ಯೆ: ಅವನೂ ಯಾರದೋ ಮಗನಲ್ಲವೇ? ಇಷ್ಟು ಹೇಳಿದ ಮೇಲೂ ಹೀಗೆ ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಎಂಜಿನಿಯರ್: ಲಾರಿಯನ್ನು ಮುಖ್ಯರಸ್ತೆಯಲ್ಲಿ ನಿಲ್ಲಿಸಿ ಉದ್ದದ ಹೋಸ್ ಎಳೆಯುತ್ತಾರೆ. ಬುಕ್ ಮಾಡುವಾಗಲೇ ಓಣಿಯ ಉದ್ದ ತಿಳಿಸಿ. ಆ ಹುಡುಗನಿಗೆ ಈಗಲೇ ಬೇಡವೆಂದು ಹೇಳಿ.

ರಾಜಾಜಿನಗರದ ಸದಸ್ಯೆ: ಸರ್, ಹೌದು, ಮೇಲಿನವರು ಫ್ಲಶ್ ಮಾಡಿದಾಗಲೆಲ್ಲ ಗುಳುಗುಳು ಎನ್ನುತ್ತದೆ. ದೀಪಾವಳಿಯ ನಂತರ ತಾರಸಿಯಲ್ಲಿ ಬಾಡಿಗೆಗೆಂದು ಒಂದು ಕೋಣೆ ಕಟ್ಟಿಸಿದೆವು.

ಎಂಜಿನಿಯರ್: ಹಾಗಾದರೆ ಹೀಗೆ ಮಾಡಿ. ಜಾಲರಿ ಎತ್ತಿ, ಟ್ರ್ಯಾಪಿಗೆ ನೀರು ತುಂಬಿಸಿ, ಮಕ್ಕಳ ಅಳತೆಪಟ್ಟಿಯನ್ನು ನೇರವಾಗಿ ಇಟ್ಟು ನೀರಿನ ಮಟ್ಟ ಗುರುತು ಹಾಕಿಕೊಳ್ಳಿ. ಮೇಲಿನ ಮನೆಯವರಿಗೆ ಹೇಳಿ ಎರಡು ಸಲ ಫ್ಲಶ್ ಮಾಡಿಸಿ, ಮತ್ತೆ ಅಳೆಯಿರಿ. ಮೇಲಿನಿಂದ ನೀರು ಒಮ್ಮೆಲೇ ಬೀಳುವಾಗ ತನ್ನ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ಬೇಕಾದ ಗಾಳಿ ತಾರಸಿಯ ಮೇಲಿನ ವೆಂಟ್ ಪೈಪಿನಿಂದ ಬರಬೇಕು. ಆ ಬಾಯಿ ಮುಚ್ಚಿಹೋಗಿದ್ದರೆ ಕೊಳವೆ ಇನ್ನೆಲ್ಲಿಂದಲೋ ಗಾಳಿ ಎಳೆದುಕೊಳ್ಳಬೇಕು, ಎಳೆದುಕೊಳ್ಳುವುದು ನಿಮ್ಮ ಟ್ರ್ಯಾಪಿನ ಮೂಲಕವೇ, ಅದರೊಂದಿಗೆ ನಿಂತ ನೀರೂ ಹೋಗುತ್ತದೆ. ಆಮೇಲೆ ನೀವು ಸ್ನಾನ ಮಾಡಿದಾಗ ಅದು ಮತ್ತೆ ತುಂಬುತ್ತದೆ. ಮಧ್ಯಾಹ್ನ ಬಂದು ನೋಡಿದ ಪ್ಲಂಬರುಗಳಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಅಳೆದ ಮೇಲೆ ತಾರಸಿಗೆ ಹೋಗಿ, ಹಳೆಯ ಕೊಳವೆಯ ತುದಿ ಈಗ ಎಲ್ಲಿದೆ ಎಂದು ಹುಡುಕಿ.

ಮಲ್ಲೇಶ್ವರದ ಸದಸ್ಯ: ನನ್ನ ಪ್ರಶ್ನೆಗೆ ಒಂದೇ ಸಾಲು, ಇವರಿಗೆ ಇಷ್ಟು ಉದ್ದದ ಉತ್ತರ. ಎಲ್ಲರೂ ಸಮಾನ ಸದಸ್ಯರಲ್ಲವೇ?

ಎಂಜಿನಿಯರ್: ನಿಮ್ಮ ಬಚ್ಚಲಿಗೆ ಒಂದು ಚೊಂಬು ನೀರು ಸಾಕು. ಹಾಕಿದಿರಾ?

ಯಲಹಂಕದ ಸದಸ್ಯೆ: ವಾಷಿಂಗ್ ಮಷೀನಿನ ಪೈಪನ್ನು ಜಾಲರಿಯ ತೂತಿಗೆ ತುರುಕಿದ್ದೇವೆ, ಅದರ ಸುತ್ತ ವಾಸನೆ ಬರುತ್ತದೆ.

ಎಂಜಿನಿಯರ್: ಪೈಪ್ ಟ್ರ್ಯಾಪಿನ ಒಳಗಿನ ಬಟ್ಟಲಿನಂಥ ಕಪ್ಪನ್ನು ಎತ್ತಿಹಿಡಿದಿರುತ್ತದೆ. ಹೊರಗೆ ತೆಗೆದು ಕಪ್ಪನ್ನು ಸರಿಯಾಗಿ ಕೂರಿಸಿ, ಪೈಪಿನ ತುದಿಯನ್ನು ಜಾಲರಿಯ ಮೇಲೆ ಬಿಡಿ.

ಬಸವೇಶ್ವರನಗರದ ಸದಸ್ಯ: ಚೇಂಬರಿನಿಂದ ಮಳೆನೀರಿನ ಕೊಳವೆ ಬಿಡಿಸುವ ಖರ್ಚನ್ನು ಯಾರು ಕೊಡುತ್ತಾರೆ?

ಎಚ್‌ಎಸ್‌ಆರ್ ಬಡಾವಣೆಯ ಸದಸ್ಯ: ನನ್ನ ಮನೆ ತೊಳೆಸಿದ ಖರ್ಚನ್ನು ಯಾರು ಕೊಟ್ಟರೋ ಅವರೇ ಎಂದುಕೊಂಡಿದ್ದೀರಾ?

ನಿರ್ವಾಹಕಿ: ಇಬ್ಬರ ಸಂದೇಶಗಳನ್ನೂ ಇನ್ನು ಮುಂದೆ ತೆಗೆದುಹಾಕುತ್ತೇನೆ.

ರಾಜಾಜಿನಗರದ ಸದಸ್ಯೆ: ಸರ್, ಎರಡು ಫ್ಲಶ್ಶಿಗೆ ನೀರು ಅರ್ಧಕ್ಕಿಂತ ಕೆಳಗೆ ಇಳಿಯಿತು. ತಾರಸಿಯಲ್ಲಿ ಮೇಸ್ತ್ರಿ ಹಳೆಯ ಕೊಳವೆಯನ್ನು ಹೊಸ ಕೋಣೆಯ ಕಿಟಕಿಯ ಕೆಳಗೇ ಕತ್ತರಿಸಿ ಎಂಡ್ ಕ್ಯಾಪ್ ಹಾಕಿದ್ದಾರೆ. ಕೇಳಿದರೆ, ಬಾಡಿಗೆಯವರಿಗೆ ವಾಸನೆ ಬರಬಾರದೆಂದು ಮುಚ್ಚಿದೆ ಎನ್ನುತ್ತಾರೆ. ಕ್ಯಾಪ್ ಬಿಚ್ಚಿದ ಮೇಲೆ ಫ್ಲಶ್ ಮಾಡಿಸಿದರೆ ಸದ್ದೇ ಇಲ್ಲ, ನೀರೂ ಇಳಿಯಲಿಲ್ಲ.

ಎಂಜಿನಿಯರ್: ಬಹಳ ಸಂತೋಷವಾಯಿತು, ಮೇಡಂ. ಆದರೆ ಅದನ್ನು ಅಲ್ಲಿಯೇ ತೆರೆದು ಬಿಟ್ಟರೆ ಚರಂಡಿಯ ಗಾಳಿ ಮೇಲಿನ ಕೋಣೆಯವರ ಕಿಟಕಿಗೆ ಹೋಗುತ್ತದೆ, ಅವರು ಮತ್ತೆ ಮುಚ್ಚುತ್ತಾರೆ. ಅದೇ ಅಳತೆಯ ಕೊಳವೆಯನ್ನು ಗೋಡೆಯ ಹೊರಬದಿಯಿಂದ ಹೊಸ ಕೋಣೆಯ ಸೂರಿಗಿಂತ ಮೇಲಕ್ಕೆ ಒಯ್ದು, ಕ್ಲಾಂಪ್ ಹಾಕಿ ಬಿಗಿದು, ತುದಿಗೆ ಕೌಲ್, ಅಂದರೆ ಗಾಳಿಯಾಡುವ ಜಾಲರಿಯ ಮುಚ್ಚಳ, ಕೂರಿಸಲು ಹೇಳಿ. ಸಣ್ಣ ಕೊಳವೆ ಸಾಕೆಂದು ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಹೊಸ ಕೋಣೆಯ ಕಮೋಡನ್ನೂ ಇದೇ ಕೊಳವೆಗೆ ಸೇರಿಸಿದ್ದರೆ ಆ ಜಾಯಿಂಟಿನ ಚಿತ್ರ ಕಳುಹಿಸಿ, ನೋಡಿ ಹೇಳುತ್ತೇನೆ. ಕೆಂಗೇರಿಯವರು ಆಸ್ಪತ್ರೆಯಿಂದ ಬಂದ ಕೂಡಲೇ ಇಲ್ಲಿ ಒಂದು ಮಾತು ಬರೆಯಬೇಕೆಂದು ಕೋರುತ್ತೇನೆ. ಉಳಿದ ಪ್ರಶ್ನೆಗಳಿಗೆ ಇಂದು ಉತ್ತರಿಸುವುದಿಲ್ಲ.

ಬನಶಂಕರಿಯ ಸದಸ್ಯ: ಸರ್, ನಮ್ಮ ಬಚ್ಚಲಿನಲ್ಲಿಯೂ ವಾಸನೆ ಬರುತ್ತಿದೆ, ಏನು ಮಾಡಬೇಕು?

ಜಯನಗರದ ಸದಸ್ಯೆ: ದಿನವೂ ಬಳಸುವ ಬಚ್ಚಲೇ? ಎಷ್ಟನೆಯ ಮಹಡಿ? ವಾಸನೆ ಯಾವ ಹೊತ್ತಿನಲ್ಲಿ ಹೆಚ್ಚು?