ವಿಸಿಟ್ ವೀಸಾದಲ್ಲಿ ಶಾರ್ಜಾದ ಶಾಲೆಗೆ ಹೋಗಬಹುದೇ? ಅನುಭವವಿರುವವರು ದಯವಿಟ್ಟು ತಿಳಿಸಿ

ದಾವಣಗೆರೆಯ ಭೌತಶಾಸ್ತ್ರ ಶಿಕ್ಷಕಿ (ಪ್ರಶ್ನೆ):

ಎಂ.ಎಸ್ಸಿ., ಬಿ.ಇಡ್. ಮುಗಿಸಿ ಏಳು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಯುಎಇಯ ಶಾರ್ಜಾದ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 3,500 ದಿರ್ಹಂ ಸಂಬಳದ ಕೆಲಸವಿದೆ ಎಂದು ಬೆಂಗಳೂರಿನ ಏಜೆಂಟರೊಬ್ಬರು ಹೇಳಿದ್ದಾರೆ. ಅವರಿಗೆ 1,60,000 ರೂಪಾಯಿ ಕೊಡಬೇಕು. ರಸೀದಿ ಮಾತ್ರ 35,400ಕ್ಕೆ. ಮೊದಲು 60 ದಿನಗಳ ವಿಸಿಟ್ ವೀಸಾದಲ್ಲಿ ಹೋಗಿ ಸೇರಿಕೊಳ್ಳಬೇಕು, ಕೆಲಸದ ವೀಸಾ ಅಲ್ಲಿಯೇ ಆಗುತ್ತದೆ ಎನ್ನುತ್ತಾರೆ. ಅಟೆಸ್ಟೇಶನ್‌ಗೆಂದು (ಅಸಲಿ ಎಂಬ ಸರ್ಕಾರಿ ಮುದ್ರೆ ಹಾಕಿಸಲು) ಕೊಟ್ಟ ಮೂಲ ಪ್ರಮಾಣಪತ್ರಗಳು ಈಗ ಅವರ ಬಳಿ ಇವೆ. ಮಗಳು ಯುಕೆಜಿಯಲ್ಲಿದ್ದಾಳೆ. ಹೋಗಿ ಬಂದವರು ತಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಅಜ್ಮಾನ್‌ನಿಂದ ಮರಳಿದ ರಸಾಯನಶಾಸ್ತ್ರ ಶಿಕ್ಷಕಿ, ಹಾಸನ:

ಮೇಡಂ, 2019ರಲ್ಲಿ ನನಗೂ ಅಕ್ಷರಶಃ ಇದೇ ಮಾತನ್ನು ಹೇಳಿದ್ದರು. ನಾನು 30 ದಿನಗಳ ವಿಸಿಟ್ ವೀಸಾದಲ್ಲಿ ಹೋದೆ. ಇಳಿದ ಮೂರನೆಯ ದಿನವೇ ಒಂಬತ್ತನೆಯ ತರಗತಿ ಕೊಟ್ಟರು, ವಾರಕ್ಕೆ 32 ಪಿರಿಯಡ್. ವೀಸಾ ಕೇಳಿದಾಗಲೆಲ್ಲ ಕಡತ ಇಲಾಖೆಯಲ್ಲಿದೆ ಎಂಬ ಒಂದೇ ಉತ್ತರ. ಅವಧಿ ಮುಗಿಯುವ ಹಿಂದಿನ ದಿನ ಒಮಾನ್ ಗಡಿಗೆ ಬಸ್ಸಿನಲ್ಲಿ ಕಳುಹಿಸಿ, ಮತ್ತೊಂದು 30 ದಿನಗಳ ವಿಸಿಟ್ ವೀಸಾದಲ್ಲಿ ಒಳಗೆ ಕರೆಸಿಕೊಂಡರು. ಅದೂ ಮುಗಿದ ಮೇಲೆ ಹದಿನೇಳು ದಿನ ನಾನು ಆ ದೇಶದಲ್ಲಿ ಯಾವ ಕಾಗದವೂ ಇಲ್ಲದೆ ತರಗತಿಯಲ್ಲಿ ನಿಂತು ಪಾಠ ಮಾಡಿದ್ದೇನೆ. ಇದನ್ನು ಬರೆಯುವಾಗ ಇಂದಿಗೂ ಕೈ ನಡುಗುತ್ತದೆ.

ಲೆಕ್ಕವನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ನನಗೆ ಯಾರೂ ಬರೆದು ತೋರಿಸಿರಲಿಲ್ಲ. ಏಜೆಂಟರಿಗೆ 1,45,000 ರೂಪಾಯಿ, ಅಟೆಸ್ಟೇಶನ್‌ಗೆ 18,000, ಹೋಗುವ ಟಿಕೆಟ್ 14,500, ಬರುವ ಟಿಕೆಟ್ 12,000. ಅಲ್ಲಿ ಆರು ಮಂದಿ ಇದ್ದ ಕೋಣೆಯಲ್ಲಿ ಒಂದು ಹಾಸಿಗೆಯ ಬಾಡಿಗೆ ತಿಂಗಳಿಗೆ 700ರಂತೆ 2,100 ದಿರ್ಹಂ, ಗಡಿಗೆ ಹೋಗಿ ಬಂದದ್ದಕ್ಕೂ ಎರಡನೆಯ ವೀಸಾಕ್ಕೂ ಸೇರಿ 950, ಅವಧಿ ಮೀರಿದ ದಂಡ 1,900. ಹನ್ನೊಂದು ವಾರಗಳ ಕೆಲಸಕ್ಕೆ ಕೈಗೆ ಬಂದದ್ದು ಲಕೋಟೆಯಲ್ಲಿಟ್ಟು ಕೊಟ್ಟ 2,000 ದಿರ್ಹಂ ಮಾತ್ರ. ಅಂದಿನ 19 ರೂಪಾಯಿ ದರದಲ್ಲಿ ಕೂಡಿ ಕಳೆದರೆ 2,45,550 ರೂಪಾಯಿ ನಷ್ಟ. ಎರಡು ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟಿದ್ದೆ. ಬಿಡಿಸಿಕೊಳ್ಳುವಷ್ಟರಲ್ಲಿ 2023 ಬಂದಿತ್ತು. ದೂರು ಕೊಡೋಣವೆಂದರೆ ನನ್ನ ಹೆಸರಿನಲ್ಲಿ ನೋಂದಣಿಯಾದ ಕರಾರೇ ಇರಲಿಲ್ಲ. ಸರ್ಕಾರದ ಕಡತದಲ್ಲಿ ನಾನು ಊರು ನೋಡಲು ಬಂದ ಪ್ರವಾಸಿ.

ಶಾರ್ಜಾದಲ್ಲಿ ಒಂಬತ್ತನೆಯ ವರ್ಷ, ಗಣಿತ ಶಿಕ್ಷಕ:

ಒಬ್ಬರಿಗೆ ಕೆಟ್ಟದ್ದಾಯಿತೆಂದು ಎಲ್ಲರನ್ನೂ ಹೆದರಿಸುವುದು ಸರಿಯಲ್ಲ. ನಾನೂ ವಿಸಿಟ್ ವೀಸಾದಲ್ಲಿಯೇ ಬಂದವನು. ಆದರೆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಇಪ್ಪತ್ತಮೂರು ಶಾಲೆಗಳ ಬಾಗಿಲಿಗೆ ನಾನೇ ಹೋಗಿ ಅರ್ಜಿ ಕೊಟ್ಟೆ, ನಾಲ್ಕು ಕಡೆ ಡೆಮೊ ಪಾಠ ಮಾಡಿದೆ. ಕಾರ್ಮಿಕ ಸಚಿವಾಲಯದ ಆಫರ್ ಲೆಟರ್‌ಗೆ ಸಹಿ ಹಾಕಿ, ವೀಸಾ ಬದಲಾಗುವವರೆಗೆ ತರಗತಿಯೊಳಗೆ ಕಾಲಿಡಲಿಲ್ಲ. ಈಗ ಮಗ ಇದೇ ಶಾಲೆಯಲ್ಲಿ ಶುಲ್ಕ ರಿಯಾಯಿತಿಯಲ್ಲಿ ಓದುತ್ತಿದ್ದಾನೆ. ತುಮಕೂರಿನಲ್ಲಿ ನಿವೇಶನ ಕೊಂಡಿದ್ದೇನೆ.

ಇಲ್ಲಿಯ ಕಾನೂನು ಶಿಕ್ಷಕರ ಪರವಾಗಿಯೇ ಇದೆ. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ, 2021ರ 33ನೆಯ ಸಂಖ್ಯೆಯ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಮಾಲೀಕನೇ ಭರಿಸಬೇಕು. ಕೆಲಸಗಾರನಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ವಸೂಲು ಮಾಡುವಂತಿಲ್ಲ, ಅವನ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ. ಪರ್ಮಿಟ್ ಇಲ್ಲದವರಿಂದ ಕೆಲಸ ಮಾಡಿಸಿದ ಮಾಲೀಕನಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡವಿದೆ. ವಿಚಾರಿಸದೆ ಕೆಲಸಕ್ಕೆ ನಿಂತವರದೂ ತಪ್ಪಿದೆ ಎಂದು ನಾನು ಹೇಳಲೇಬೇಕಾಗುತ್ತದೆ.

ಹಾಸನದವರು:

ಸರ್, ನೀವು ಇಪ್ಪತ್ತಮೂರು ಶಾಲೆ ತಿರುಗುವಾಗ ಎಲ್ಲಿ ಇಳಿದುಕೊಂಡಿದ್ದಿರಿ ಎಂಬುದನ್ನು ಬರೆದಿಲ್ಲ. ಕಳೆದ ವರ್ಷ ಇಂತಹದೇ ಪ್ರಶ್ನೆಗೆ ಉತ್ತರಿಸುತ್ತಾ ಸೋದರಮಾವನ ಮನೆಯಲ್ಲಿ ಎರಡು ತಿಂಗಳು ಇದ್ದೆ ಎಂದು ನೀವೇ ಹೇಳಿದ್ದಿರಿ. ಊಟ, ಹಾಸಿಗೆ ಎರಡೂ ಸಿಕ್ಕವರು ವೀಸಾ ಆಗುವವರೆಗೆ ತರಗತಿಗೆ ಹೋಗುವುದಿಲ್ಲ ಎಂದು ಹೇಳಬಲ್ಲರು. ಮಲಗುವ ಹಾಸಿಗೆಯೂ ಶಾಲೆಯವರದೇ ಆಗಿದ್ದಾಗ ನಾನು ಹಾಗೆ ಹೇಳಲು ಆಗುತ್ತಿರಲಿಲ್ಲ. ತಪ್ಪು ನನ್ನದೂ ಹೌದೆಂದು ಇನ್ನೊಮ್ಮೆ ಬರೆಯಬೇಡಿ.

ಸೌದಿಯಿಂದ ಮರಳಿದ ಗಣಿತ ಶಿಕ್ಷಕ, ಬೀದರ್:

ವಿಸಿಟ್ ವೀಸಾ ಒಂದನ್ನೇ ಹಿಡಿದು ಚರ್ಚಿಸುತ್ತಿದ್ದೀರಿ. ನಾನು ಸರಿಯಾದ ಕೆಲಸದ ವೀಸಾದಲ್ಲಿಯೇ 2016ರಲ್ಲಿ ದಮ್ಮಾಮಿಗೆ ಹೋದವನು. ಆದರೆ ಇಕಾಮಾ, ಅಂದರೆ ಅಲ್ಲಿಯ ವಾಸದ ಪರವಾನಗಿ, ಕೈಗೆ ಬಂದಾಗ ಅದರಲ್ಲಿ ನನ್ನ ವೃತ್ತಿ ಸಾಮಾನ್ಯ ಕಾರ್ಮಿಕ ಎಂದಿತ್ತು. ಶಿಕ್ಷಕ ಎಂದು ಬದಲಾಯಿಸುವಂತೆ ಕೇಳಿಕೊಂಡು ಮೂರು ವರ್ಷ ಕಳೆದವು. 2017ರ ಜುಲೈಯಿಂದ ಕುಟುಂಬದ ಪ್ರತಿಯೊಬ್ಬ ಸದಸ್ಯನ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ಮರುವರ್ಷ 200, ಅದರ ಮರುವರ್ಷ 300. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಕ್ರಮವಾಗಿ 3,600, 7,200, 10,800; ಒಟ್ಟು 21,600 ರಿಯಾಲ್. ಅದು ನಾನೇ ಕೊಡಬೇಕಾದದ್ದು, ಕೊಟ್ಟೆ. ನನ್ನ ಸ್ವಂತ ಇಕಾಮಾ ನವೀಕರಣದ ಹಣವನ್ನೂ ಶಾಲೆಯವರು ನನ್ನಿಂದಲೇ ತೆಗೆದುಕೊಂಡರು. ಆ ದೇಶದ ಕಾರ್ಮಿಕ ಕಾನೂನಿನ 40ನೆಯ ಕಲಮಿನಂತೆ ಇಕಾಮಾ, ಪರ್ಮಿಟ್, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ, ಎಲ್ಲವೂ ಮಾಲೀಕನ ಹೊಣೆ ಎಂಬುದು ನನಗೆ ತಿಳಿದದ್ದು ಊರಿಗೆ ಬಂದ ಮೇಲೆ.

ಕೊನೆಯ ವರ್ಷ ಹಣ ಪಡೆದೂ ನವೀಕರಿಸಲಿಲ್ಲ. ಇಕಾಮಾ ಸತ್ತರೆ ಬ್ಯಾಂಕಿನ ಕಾರ್ಡೂ ಸಾಯುತ್ತದೆ. ಮಗನಿಗೆ ಜ್ವರ ಬಂದಾಗ ನನ್ನದೇ ಖಾತೆಯಲ್ಲಿದ್ದ ಹಣ ತೆಗೆಯಲಾಗದೆ ಕೇರಳದ ಸಹೋದ್ಯೋಗಿಯಿಂದ 300 ರಿಯಾಲ್ ಸಾಲ ಪಡೆದೆ. ಕೇಳಲು ಹೋದರೆ ಹುರೂಬ್ ಹಾಕುತ್ತೇವೆ ಎಂದರು, ಅಂದರೆ ಕೆಲಸ ಬಿಟ್ಟು ಓಡಿಹೋದವನೆಂದು ವರದಿ ಮಾಡುತ್ತೇವೆಂದು. ಕೊನೆಗೆ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿದ ಮೇಲೆ ರಾಯಭಾರ ಕಚೇರಿಯಿಂದ ಕರೆ ಬಂತು. ಎಕ್ಸಿಟ್, ಅಂದರೆ ದೇಶ ಬಿಡುವ ಅನುಮತಿ, ಸಿಗಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ನಾನು ತರಗತಿ ಬಿಡಲಿಲ್ಲ. ಹತ್ತನೆಯ ತರಗತಿಯ ಮಕ್ಕಳ ಬೋರ್ಡ್ ಪರೀಕ್ಷೆ ಎದುರಿಗಿತ್ತು.

ಚೀನಾದಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿದವನು, ಮೈಸೂರು:

ಬೀದರಿನ ಸರ್ ಅವರ ಸಹನೆಗೆ ನಮಸ್ಕಾರ, ಆದರೆ ಅದನ್ನು ಇತರರು ಅನುಸರಿಸಬಾರದು. ನನ್ನನ್ನು ಕಿಂಡರ್‌ಗಾರ್ಟನ್ ಒಂದು ವ್ಯಾಪಾರಿಗಳಿಗೆ ಕೊಡುವ ಎಂ ವೀಸಾದಲ್ಲಿ ಕರೆಸಿಕೊಂಡಿತ್ತು. ಕೆಲಸಕ್ಕೆ ಬೇಕಾದದ್ದು ಝಡ್ ವೀಸಾ; ಅದಕ್ಕೆ ಮುಂಚೆ ವರ್ಕ್ ಪರ್ಮಿಟ್‌ನ ಸೂಚನಾಪತ್ರ ಊರಿಗೇ ಬರಬೇಕು. ಇಂಗ್ಲಿಷ್ ಕಲಿಸುವ ಪರ್ಮಿಟ್‌ಗೆ ಅಲ್ಲಿ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪಾಸ್‌ಪೋರ್ಟನ್ನೇ ಮುಖ್ಯವಾಗಿ ನೋಡುತ್ತಾರೆ ಎಂಬುದು ಶಾಲೆಗೆ ಚೆನ್ನಾಗಿ ಗೊತ್ತಿತ್ತು. ತಪಾಸಣೆಗೆ ಬರುತ್ತಾರೆಂದು ತಿಳಿದ ದಿನ ನಮ್ಮಲ್ಲಿ ಮೂವರನ್ನು ಹಿಂದಿನ ಬಾಗಿಲಿನಿಂದ ಕಳುಹಿಸಿ, ಸಂಜೆಯವರೆಗೆ ತರಕಾರಿ ಮಾರುಕಟ್ಟೆಯಲ್ಲಿ ನಿಲ್ಲಿಸಿದರು. ಪರವಾನಗಿಯಿಲ್ಲದೆ ಕೆಲಸ ಮಾಡಿದ ವಿದೇಶಿಗೆ ಅಲ್ಲಿಯ ಕಾನೂನಿನಲ್ಲಿ 5,000ದಿಂದ 20,000 ಯುವಾನ್ ದಂಡವಿದೆ. ಪ್ರಕರಣ ಗಂಭೀರವಾದರೆ ದಂಡದ ಜೊತೆಗೆ ಐದರಿಂದ ಹದಿನೈದು ದಿನಗಳ ಬಂಧನ. ಎರಡನೆಯ ಬಾರಿ ಹಾಗೆ ನಿಲ್ಲಿಸಿದ ರಾತ್ರಿಯೇ ಎರಡು ತಿಂಗಳ ಸಂಬಳ ಬಿಟ್ಟು, ಯಾರಿಗೂ ಹೇಳದೆ ವಿಮಾನ ಹತ್ತಿದೆ. ಆ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ.

ಬೀದರಿನವರು:

ಹೆಮ್ಮೆ ಎಂಬ ಮಾತು ನನಗೆ ನೋವು ತಂದಿದೆ. ಬೆಳಿಗ್ಗೆ ಬಂದ ಮಕ್ಕಳಿಗೆ ಶಿಕ್ಷಕರಿಲ್ಲ. ನಮ್ಮವರು ಹೀಗೆ ರಾತ್ರೋರಾತ್ರಿ ಹೋಗುವುದನ್ನೇ ನೆಪ ಮಾಡಿಕೊಂಡು ಶಾಲೆಗಳು ನಂತರ ಬರುವವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತವೆ. ನನ್ನ ಪಾಸ್‌ಪೋರ್ಟ್ ಮೂರು ವರ್ಷ ಅವರ ಕಪಾಟಿನಲ್ಲಿ ಇದ್ದದ್ದು ನನಗಿಂತ ಮೊದಲು ಒಬ್ಬರು ಓಡಿಹೋದ ಕಾರಣಕ್ಕೆ.

ಮೈಸೂರಿನವನು:

ಇಲ್ಲ ಸರ್, ಇದ್ದದ್ದು ನೀವೇ ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟಿದ್ದರಿಂದ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಅದು ಸದಾ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಒತ್ತೆಯಿಡುವ ಹಕ್ಕು ನಮಗೂ ಇಲ್ಲ. ಮಕ್ಕಳ ಮೇಲಿನ ನಿಮ್ಮ ಪ್ರೀತಿಯೇ ಮಾಲೀಕನ ಕೈಯಲ್ಲಿ ಹಗ್ಗವಾಯಿತು. ನಾಲ್ಕು ತಿಂಗಳು ನೀವು ಪಾಠ ಮಾಡಿದ್ದರಿಂದ ಆ ಶಾಲೆಗೆ ಇನ್ನೊಬ್ಬ ಶಿಕ್ಷಕನಿಗೆ ಸಂಬಳ ಕೊಡುವ ಅಗತ್ಯವೇ ಬೀಳಲಿಲ್ಲ.

ಮಾಲ್ಡೀವ್ಸ್‌ನ ಸರ್ಕಾರಿ ಶಾಲೆಯಲ್ಲಿದ್ದವರು, ಪುತ್ತೂರು:

ಎಲ್ಲ ಮಾಲೀಕರೂ ವಂಚಕರಲ್ಲ. ನನ್ನ ಪರ್ಮಿಟ್ ಊರು ಬಿಡುವ ಮೊದಲೇ ಬಂದಿತ್ತು, ಪಾಸ್‌ಪೋರ್ಟ್ ನನ್ನ ಬಳಿಯೇ ಇತ್ತು, ಸಂಬಳ ಒಂದು ದಿನವೂ ತಡವಾಗಲಿಲ್ಲ. ಕಷ್ಟವಾದದ್ದು ಸಂಬಳ ಅಲ್ಲಿಯ ನಾಣ್ಯವಾದ ರುಫಿಯಾದಲ್ಲಿದ್ದದ್ದರಿಂದ. ಡಾಲರಿಗೆ 15.42 ಎಂಬ ಅಧಿಕೃತ ದರ ಇದ್ದರೂ ಆ ದರಕ್ಕೆ ಬ್ಯಾಂಕಿನಲ್ಲಿ ಬೇಕಾದಷ್ಟು ಡಾಲರ್ ಸಿಗುವುದಿಲ್ಲ. ಹೊರಗೆ ಕೊಳ್ಳಹೋದರೆ ಊರಿಗೆ ಕಳುಹಿಸುವ ಮೊತ್ತ ಕರಗುತ್ತದೆ. ಎಷ್ಟು ಸಂಬಳ ಎಂದು ಕೇಳುವವರು ಯಾವ ನಾಣ್ಯದಲ್ಲಿ ಎಂಬುದನ್ನೂ ಕೇಳಬೇಕು.

ನೋಂದಾಯಿತ ಏಜೆನ್ಸಿಯಲ್ಲಿ ಆರು ವರ್ಷ ಕೆಲಸ ಮಾಡಿದವರು, ಬೆಂಗಳೂರು:

ಏಜೆಂಟರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಾಯಿತರಾದವರು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಶೇ. 18 ಜಿಎಸ್‌ಟಿ ಪಡೆಯಬಹುದು, ಒಟ್ಟು 35,400. ಎಂದಿಗೂ ಯಾರೂ ಹೇಳದ ಒಂದು ಸಂಗತಿಯನ್ನೂ ಹೇಳುತ್ತೇನೆ. ಹತ್ತನೆಯ ತರಗತಿ ಪಾಸಾಗದ ಕಾರ್ಮಿಕನೊಬ್ಬ ಕೊಲ್ಲಿ ದೇಶಕ್ಕೆ ಹೊರಟರೆ ಅವನ ಕರಾರನ್ನು ಸರ್ಕಾರದ ಎಮಿಗ್ರೇಶನ್ ಅಧಿಕಾರಿಗಳು ನೋಡಿ ಅನುಮತಿ ಕೊಡುತ್ತಾರೆ. ಪದವೀಧರರಿಗೆ ಆ ಅನುಮತಿ ಬೇಕಿಲ್ಲ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆಂಬ ನಂಬಿಕೆ. ಹಾಗಾಗಿ ಶಿಕ್ಷಕರ ಕರಾರನ್ನು ಹೊರಡುವ ಮುನ್ನ ಮೂರನೆಯ ಕಣ್ಣು ನೋಡುವುದೇ ಇಲ್ಲ.

ಹಾಸನದವರು:

ಹಾಗಾದರೆ ಈ ಮೇಡಂಗೆ 1,60,000 ಕೇಳಿ 35,400ಕ್ಕೆ ರಸೀದಿ ಕೊಡುತ್ತಿರುವವರು ಯಾರು? ನನ್ನ ರಸೀದಿಯೂ ಅಷ್ಟಕ್ಕೇ ಇತ್ತು. ಉಳಿದ ಹಣವನ್ನು ಅದೇ ಕಚೇರಿಯ ಒಳಕೋಣೆಯಲ್ಲಿ ಎಣಿಸಿಕೊಂಡರು. ಪೊಲೀಸರು ರಸೀದಿ ನೋಡಿ ಎಲ್ಲವೂ ಕ್ರಮಬದ್ಧವಾಗಿದೆ ಎಂದರು. ನೋಂದಣಿ ಸಂಖ್ಯೆ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿತ್ತು, ಸರ್.

ಬೆಂಗಳೂರಿನವರು:

ಒಳಕೋಣೆಯ ವಿಚಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಕೆಲಸ ಬಿಟ್ಟದ್ದೂ ಅದಕ್ಕಾಗಿಯೇ.

ದಾವಣಗೆರೆಯ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. ಸಚಿವಾಲಯದ ಆಫರ್ ಲೆಟರ್ ಮೊದಲು ಕಳುಹಿಸಿ ಎಂದು ನಿನ್ನೆ ಏಜೆಂಟರಿಗೆ ಹೇಳಿದೆ. ಅಷ್ಟೊಂದು ಅನುಮಾನವಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದರು. ಹೋಗಲಿ ಎಂದು ಮನೆಯವರೂ ನಾನೂ ತೀರ್ಮಾನಿಸಿದ್ದೇವೆ. ಸೋಮವಾರ ಬೆಂಗಳೂರಿಗೆ ಹೋಗಿ ಪ್ರಮಾಣಪತ್ರಗಳನ್ನು ಬಿಡಿಸಿಕೊಂಡು ಬರುತ್ತೇವೆ.

ಶಾರ್ಜಾದ ಶಿಕ್ಷಕ:

ಒಳ್ಳೆಯದು. ಆದರೆ ಮೇಡಂ ನಿರಾಕರಿಸಿದ್ದು ಏಜೆಂಟರನ್ನು, ಶಾರ್ಜಾವನ್ನಲ್ಲ ಎಂಬುದು ದಾಖಲಾಗಲಿ. ನೇರ ಅರ್ಜಿ ಹಾಕುವುದಾದರೆ ಮಾಹಿತಿ ಕೊಡಲು ಸಿದ್ಧನಿದ್ದೇನೆ.

ಹಾಸನದವರು:

ಮೇಡಂ, ಸೋಮವಾರ ಒಬ್ಬರೇ ಒಳಗೆ ಹೋಗಬೇಡಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಲಕೋಟೆ ಕೊಟ್ಟ ಕೂಡಲೇ ಎದ್ದು ಬರಬೇಡಿ. ಅಲ್ಲೇ ಕುಳಿತು ಒಂದೊಂದು ಹಾಳೆಯನ್ನೂ ತೆಗೆದು, ಹಿಂಬದಿಯ ಮುದ್ರೆಗಳನ್ನೂ ನೋಂದಣಿ ಸಂಖ್ಯೆಯನ್ನೂ ನೋಡಿಕೊಳ್ಳಿ. ನನಗೆ ಅವರು ಮರಳಿಸಿದ ಬಿ.ಇಡ್. ಪ್ರಮಾಣಪತ್ರ ಬಣ್ಣದ ಜೆರಾಕ್ಸ್ ಆಗಿತ್ತು. ಅದು ಗೊತ್ತಾದದ್ದು ಊರಿನ ಬಸ್ಸು ಹತ್ತಿದ ಮೇಲೆ.