ಹೊಸದಾಗಿ ಒಳಾಂಗಣ ಬದಲಿಸಿದ ಆಫೀಸಿನ ಫೋಟೊ: ಬಣ್ಣ, ಅಡ್ಡಪಟ್ಟೆ, ಗಾಜಿನ ಪ್ರತಿಬಿಂಬ

ಬೆಣ್ಣೆನಗರಿ ಕ್ಲಿಕ್:
ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಸಹಕಾರಿ ಸೊಸೈಟಿಯೊಂದರ ಆಫೀಸು, ಎರಡು ಮಹಡಿ. ಹಳೆ ಮರದ ಕೌಂಟರ್ ಕಿತ್ತು ಗಾಜಿನ ಕ್ಯಾಬಿನ್, ಫಾಲ್ಸ್ ಸೀಲಿಂಗ್, ಅದರ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕಿದ್ದಾರೆ. ಮುಂಭಾಗ ಪಶ್ಚಿಮಕ್ಕೆ, ಪೂರ್ತಿ ಗಾಜು. ಆರ್ಕಿಟೆಕ್ಟ್‌ಗೆ 15 ಫೋಟೊ ಬೇಕು, ಅದರಲ್ಲಿ 4 ‘ಮೊದಲು–ಈಗ’ ಜೋಡಿ. ಹಳೆಯವು ಮೊಬೈಲ್‌ನಲ್ಲಿ ತೆಗೆದವು. ನನ್ನ ಹತ್ರ ಫುಲ್ ಫ್ರೇಮ್ ಕ್ಯಾಮೆರಾ, 14–30 ಲೆನ್ಸ್, ಟ್ರೈಪಾಡ್ ಇದೆ. ಟ್ರಯಲ್‌ನಲ್ಲಿ ಗೋಡೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ. ಕೆಲವು ಫ್ರೇಮ್‌ನಲ್ಲಿ ಅಡ್ಡಪಟ್ಟೆ. ಕ್ಯಾಬಿನ್ ಗಾಜಿನಲ್ಲಿ ನಾನೇ ಕಾಣ್ತೀನಿ. ಆಫೀಸು ಖಾಲಿ ಸಿಗೋದು ಭಾನುವಾರ ಮಾತ್ರ. ಎಲ್ಲಿಂದ ಶುರು ಮಾಡ್ಲಿ?

ಹದಡಿ ರಸ್ತೆ:
ಬಣ್ಣದಿಂದ ಶುರು ಮಾಡ್ರಿ, ಅದೇ ದೊಡ್ಡ ಕೆಲಸ. ಕಿಟಕಿ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಕಡಿಮೆ ಇದ್ರೆ ಹಳದಿ, ಹೆಚ್ಚಿದ್ರೆ ನೀಲಿ), ಸೀಲಿಂಗ್ ಅಂಚಿನ ಪಟ್ಟಿ ಸಾಮಾನ್ಯವಾಗಿ 3000, ಪ್ಯಾನಲ್ ಲೈಟ್ 4000 ಅಥವಾ 6500. ಮೂರೂ ಒಂದೇ ಗೋಡೆಗೆ ಬಿದ್ರೆ ಯಾವ ವೈಟ್ ಬ್ಯಾಲೆನ್ಸ್ (ಬಿಳಿಯನ್ನ ಬಿಳಿಯಾಗೇ ತೋರಿಸೋ ಸೆಟ್ಟಿಂಗ್) ಇಟ್ರೂ ಒಂದು ಕಡೆ ಕೆಡುತ್ತೆ. ಸ್ವಿಚ್‌ಗಳ ಲೆಕ್ಕ ಗೊತ್ತಿರೋ ಎಲೆಕ್ಟ್ರಿಷಿಯನ್‌ನೋ ಅಟೆಂಡರನ್ನೋ ಪಕ್ಕದಲ್ಲಿ ನಿಲ್ಲಿಸ್ಕೊಳ್ರಿ. ಟ್ರೈಪಾಡ್ ಅಲುಗಾಡದ ಹಾಗೆ ಮೂರು ಸಲ ತೆಗೀರಿ: ಎಲ್ಲ ಲೈಟ್ ಆರಿಸಿ ಬರೀ ಕಿಟಕಿ ಬೆಳಕಿಗೆ, ಆಮೇಲೆ ಪಟ್ಟಿ ಮಾತ್ರ ಹಾಕಿ, ಕೊನೆಗೆ ಪ್ಯಾನಲ್ ಮಾತ್ರ ಹಾಕಿ. ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್‌ನಲ್ಲಿ ಪ್ರತಿಯೊಂದರ ಬಣ್ಣ ಬೇರೆಬೇರೆ ಸರಿಮಾಡಿ, ಕಿಟಕಿ ಬೆಳಕಿನದನ್ನ ಅಡಿಗಿಟ್ಟು ಉಳಿದವನ್ನ ಮಾಸ್ಕ್ ಹಾಕಿ (ಬೇಡದ ಭಾಗ ಮರೆಮಾಡಿ) ಬೇಕಾದ ಜಾಗಕ್ಕಷ್ಟೇ ಸೇರಿಸ್ರಿ. ತಂತಾನೇ ಆಗೋ ಎಚ್‌ಡಿಆರ್ (ಹೆಚ್ಚು-ಕಡಿಮೆ ಬೆಳಕಿನ ಹಲವು ಫೋಟೊ ಬೆರೆಸೋದು) ಬೇಡ, ಬಿಳಿ ಗೋಡೆ ಮಸಿ ಬಳಿದಂಗೆ ಕಾಣುತ್ತೆ.

ಒಂದು ಎಚ್ಚರಿಕೆ. ಪ್ಯಾನಲ್‌ಗಳು ತ್ರೀ-ಇನ್-ಒನ್ (ಒಂದೇ ಲೈಟಿನಲ್ಲಿ ಮೂರು ಬಣ್ಣದ ಬೆಳಕು) ಆಗಿದ್ರೆ ಆಫ್ ಮಾಡಿ ಆನ್ ಮಾಡಿದಾಗ ಬಣ್ಣ ಬದಲಾಗಿಬಿಡುತ್ತೆ. ನಾಲ್ಕರಲ್ಲಿ ಒಂದು ಬೇರೆ ಬಣ್ಣಕ್ಕೆ ನಿಂತಿರೋದೂ ಉಂಟು. ಪ್ರತಿ ಸಲ ತಲೆಯೆತ್ತಿ ನೋಡ್ರಿ.

ಅಡ್ಡಪಟ್ಟೆ ಬರೋದು ಲೈಟ್ ಮಿನುಗೋದರಿಂದ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಡ್ರೈವರ್ (ಲೈಟಿಗೆ ಕರೆಂಟ್ ಹೊಂದಿಸೋ ಸರ್ಕ್ಯೂಟ್) ಇದ್ದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಮೆಕ್ಯಾನಿಕಲ್ ಶಟರ್ ಹಾಕಿ, 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡ್ರಿ. ಐಎಸ್‌ಒ 100, ಎಫ್/8 ಇಟ್ರೆ ಹೇಗೂ ಕಾಲು ಸೆಕೆಂಡಿಂದ ಒಂದು ಸೆಕೆಂಡಿನ ಆಸುಪಾಸು ಬರುತ್ತೆ. ಕಿಟಕಿಯಾಚೆಯ ನೋಟಕ್ಕೆ ತೆಗೆಯೋ 1/250ರ ಫ್ರೇಮ್‌ನಲ್ಲಿ ಪಟ್ಟೆ ಬಂದ್ರೆ ತಲೆ ಕೆಡಿಸ್ಕೊಬೇಡ್ರಿ, ಅದರಿಂದ ಬೇಕಾಗಿರೋದು ಕಿಟಕಿ ಭಾಗ ಮಾತ್ರ. ಡಿಮ್ಮರ್ ಇದ್ರೆ ಪೂರ್ತಿ ಏರಿಸಿಡ್ರಿ. ಫ್ಯಾನ್ ಆಫ್.

ಪಶ್ಚಿಮದ ಹಾಲ್ ಬೆಳಿಗ್ಗೆ 11ರೊಳಗೆ ಮುಗಿಸ್ರಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೆಲದ ಟೈಲ್ಸ್ ಮೇಲೆ ಬಿದ್ರೆ ಆ ಜಾಗದಲ್ಲಿ ಬಿಳಿ ಬಿಟ್ಟು ಏನೂ ಉಳಿಯಲ್ಲ. ಹೊರಗಿಂದ ಗಾಜಿನ ಮುಂಭಾಗ ತೆಗೆಯೋದಾದ್ರೆ ಸೂರ್ಯ ಮುಳುಗಿದ ಮೇಲೆ 10ರಿಂದ 20 ನಿಮಿಷ. ನಮ್ಮ ಕಡೆ ಬೇಗ ಕತ್ತಲಾಗುತ್ತೆ, ಟ್ರೈಪಾಡ್ ಮೊದಲೇ ಹೂಡಿರ್ಬೇಕು.

ದುರ್ಗದ ಬತೇರಿ:
ಗಾಜಿನ ವಿಷಯ ನಾನು ಹೇಳ್ತೀನಿ ಅಣ್ಣ. ಪೋಲರೈಸರ್ (ಪ್ರತಿಬಿಂಬ ತಗ್ಗಿಸೋ ಲೆನ್ಸ್ ಫಿಲ್ಟರ್) ತಗೊಳ್ಳೋಕೆ ಓಡ್ಬೇಡಿ. ಗಾಜಿಗೆ ನೇರ ನಿಂತ್ರೆ ಅದು ಏನೂ ಮಾಡಲ್ಲ. ಆ ನೇರ ನೋಟದಿಂದ ಸುಮಾರು 55 ಡಿಗ್ರಿ ಓರೆಯಾದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ. ಅದಕ್ಕಿಂತ ಸುಲಭದ ದಾರಿ: ಕ್ಯಾಮೆರಾ ಇರೋ ಕಡೆ ಲೈಟ್ ಆರಿಸಿ, ಕ್ಯಾಬಿನ್ ಒಳಗೆ ಹಾಕಿ. ಗಾಜಿನ ಮೇಲೆ ಕೂರೋಕೆ ಈ ಕಡೆ ಬೆಳಕೇ ಇರಲ್ಲ. ಉಳಿದಿದ್ದಕ್ಕೆ ಟ್ರೈಪಾಡ್ ಹಿಂದೆ ಕಪ್ಪು ಬಟ್ಟೆ ಹಿಡಿಸಿ, 10 ಸೆಕೆಂಡ್ ಟೈಮರ್ ಇಟ್ಟು ನೀವು ಪಕ್ಕಕ್ಕೆ ಸರೀರಿ.

ಕ್ಯಾಮೆರಾ 110–120 ಸೆಂ.ಮೀ. ಎತ್ತರ ಸಾಕು. ಕಣ್ಣೆತ್ತರಕ್ಕಿಟ್ರೆ ಮೇಜಿನ ಮೇಲ್ಭಾಗವೇ ಫ್ರೇಮ್ ತುಂಬುತ್ತೆ. ಲೆವೆಲ್ ಇಡಿ, ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಬಾಗಿದ್ರೆ ಕಂಬಗಳು ವಾಲುತ್ತವೆ. 14 ಎಂ.ಎಂ.ಗೆ ಅಂಚಿನ ಕುರ್ಚಿ ಜಗ್ಗಿದ ಹಾಗೆ ಆಗುತ್ತೆ, 20ರಿಂದ 24ರೊಳಗೆ ಮುಗಿಸಿ.

ಮಂಡಿಪೇಟೆ:
‘ಮೊದಲು–ಈಗ’ ಜೋಡಿಗೆ ಹಳೆ ಫೈಲಿನ ಎಕ್ಸಿಫ್ (ಫೋಟೊ ಜೊತೆ ಉಳಿಯೋ ಕ್ಯಾಮೆರಾ ಮಾಹಿತಿ) ನೋಡಿ, 35 ಎಂ.ಎಂ. ಸಮಾನ ಫೋಕಲ್ ಲೆಂತ್ ಅಂತ ಇರುತ್ತೆ. ಮೊಬೈಲಿನ ಮುಖ್ಯ ಲೆನ್ಸ್ ಆದ್ರೆ ಸಾಮಾನ್ಯವಾಗಿ 24–26, ನಿಮ್ಮದನ್ನೂ ಅಲ್ಲಿಗೇ ಇಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದಿದ್ರೆ ಆ ಮಾಹಿತಿ ಅಳಿಸಿಹೋಗಿರುತ್ತೆ, ಮೂಲ ಫೈಲ್ ಕೇಳಿ. ನಿಲ್ಲೋ ಜಾಗ ಹುಡುಕೋಕೆ, ಕೆಲಸದಲ್ಲಿ ಬದಲಾಗದ ಎರಡು ವಸ್ತು ಹಿಡೀರಿ: ಹತ್ತಿರದ ಕಂಬದ ಅಂಚು, ದೂರದ ಕಿಟಕಿಯ ಅಂಚು. ಹಳೆ ಫೋಟೊದಲ್ಲಿ ಅವೆರಡರ ನಡುವೆ ಎಷ್ಟು ಅಂತರ ಇದೆಯೋ ಅಷ್ಟೇ ಕಾಣೋವರೆಗೂ ಪಕ್ಕಕ್ಕೆ ಸರೀತಾ ಹೋಗಿ. ಹೊಸದನ್ನ ಮಾತ್ರ 14ರಲ್ಲಿ ತೆಗೆದು ಹಾಲ್ ದೊಡ್ಡದು ಮಾಡಿ ತೋರಿಸೋದು ಮೋಸ.

ಬೆಣ್ಣೆನಗರಿ ಕ್ಲಿಕ್:
ತ್ರೀ-ಇನ್-ಒನ್ ಲೈಟೇ ಇದೆ! ನಡುವೆ ಕರೆಂಟ್ ಹೋದ್ರೆ?

ಹದಡಿ ರಸ್ತೆ:
ಭಾನುವಾರ ಲೈನ್ ಕೆಲಸ ಇದೆಯಾ ಅಂತ ಬೆಸ್ಕಾಂ ಪ್ರಕಟಣೆ ನೋಡ್ಕೊಳ್ರಿ. ಅರ್ಧದಲ್ಲಿ ಹೋದ್ರೆ ಆ ಕೋನದ ಮೂರೂ ಫ್ರೇಮ್ ಮತ್ತೆ ತೆಗೀರಿ.

ಮಂಡಿಪೇಟೆ:
ಸದಸ್ಯರ ಹೆಸರು, ಸಾಲದ ಮೊತ್ತ ಇರೋ ಬೋರ್ಡು, ಲೆಡ್ಜರು, ಮಾನಿಟರು ಶನಿವಾರವೇ ತೆಗೆಸಿ. ಇನ್ನೊಂದು: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರದು. ನಿಮ್ಮ ಪೇಜ್‌ನಲ್ಲಿ ಹಾಕ್ಕೊಳ್ಳೋದಿದ್ರೆ ಅಡ್ವಾನ್ಸ್ ತಗೊಳ್ಳೋವಾಗಲೇ ಬರೆಸ್ಕೊಳ್ಳಿ.