ಸ್ಪ್ಲಿಟ್‌ಗೆ ‘ಸೀಳು’ ಬೇಡ, ‘ತುಂಡರಿಸು’ ಇರಲಿ, ಕೀಫ್ರೇಮ್‌ಗೆ ಏನನ್ನೋಣ?

ಬಸವನಗುಡಿ, ಚಾಮರಾಜಪೇಟೆ ಕಡೆಯ ಸಂಗೀತ ಕಚೇರಿಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಗಾಂಧಿನಗರದ ಎಡಿಟಿಂಗ್ ಕೋಣೆಯಲ್ಲಿ ‘ಕಟ್ ಮಾಡು’ ಅಂದರೆ ಎಲ್ಲ ಕೆಲಸವೂ ಆಗುತ್ತದೆ. ಬರೆಯಲು ಕೂತರೆ ಅದು ಸಾಲದು, ಎಡಿಟಿಂಗಿನ ಒಂದೊಂದು ಇಂಗ್ಲಿಷ್ ಪದಕ್ಕೂ ಬೇರೆ ಬೇರೆ ಕನ್ನಡ ಪದ ಬೇಕು.

ಟ್ರಿಮ್‌ಗೆ ‘ಸವರು’ ಸಾಕು. ಬೇಲಿ ಸವರಿದ ಹಾಗೆ ತುದಿ ಹೋಗುತ್ತದೆ, ಮೈ ಉಳಿಯುತ್ತದೆ. ಸ್ಪ್ಲಿಟ್‌ಗೆ ‘ಸೀಳು’ ಒಪ್ಪುವುದಿಲ್ಲ. ಸೌದೆ ಸೀಳುವುದು ಉದ್ದಕ್ಕೆ. ವಿಡಿಯೊವನ್ನು ಉದ್ದಕ್ಕೆ ಸೀಳಿದರೆ ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ ಆಗುತ್ತದೆ, ಅಂದರೆ ಡಿಮಕ್ಸ್. ಅಡ್ಡಕ್ಕಾದರೆ ‘ತುಂಡರಿಸು’. ಕ್ಲಿಪ್‌ಗೆ ಟಿವಿಯವರು ರೂಢಿಸಿರುವ ‘ತುಣುಕು’ ಇರಲಿ. ತುಂಡುಗಳನ್ನೆಲ್ಲ ಜೋಡಿಸಿದರೆ ಮೂಲ ಮರಳಬೇಕು. ತುಣುಕು ಬೇಕಾದ್ದನ್ನಷ್ಟೇ ಆರಿಸಿ ತೆಗೆದದ್ದು.

ತೊಡಕಿರುವುದು ಕೀಫ್ರೇಮಿನಲ್ಲಿ. ವಿಡಿಯೊ ಅಂದರೆ ಒಂದರ ಹಿಂದೊಂದು ಓಡುವ ಬಿಡಿ ಚಿತ್ರಗಳು, ಅಂದರೆ ಫ್ರೇಮುಗಳು. ಆ ಕ್ಷಣದ ಪೂರ್ತಿ ಚಿತ್ರ ಕೀಫ್ರೇಮಿನಲ್ಲಿ ಇರುತ್ತದೆ, ನಡುವಿನ ಫ್ರೇಮುಗಳಲ್ಲಿರುವುದು ಬದಲಾವಣೆ ಮಾತ್ರ. ಎರಡು ಗಂಟೆಯ ಕಚೇರಿಯನ್ನು ಏರಿಸಬೇಕು ಅನ್ನಿ. ಫೋನ್ ನಂಬರ್ ದೃಢೀಕರಿಸದ ಯೂಟ್ಯೂಬ್ ಖಾತೆಗೆ 15 ನಿಮಿಷದ ಮಿತಿ, ಆದ್ದರಿಂದ ತುಂಡರಿಸಬೇಕು. (ದೃಢೀಕರಿಸಿಬಿಟ್ಟರೆ ಈ ತಾಪತ್ರಯವೇ ಇಲ್ಲ, ಅದು ಬೇರೆ ಮಾತು.) ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಕೋಡೆಕ್ ‘ಕಾಪಿ’ ಇಟ್ಟು (ಅಂದರೆ ಮತ್ತೆ ಎನ್ಕೋಡ್ ಮಾಡದೆ ಇದ್ದ ಹಾಗೇ ನಕಲಿಸಿ) ಸೆಗ್ಮೆಂಟ್ ಟೈಮ್, ಅಂದರೆ ಪ್ರತಿ ತುಂಡಿನ ಅವಧಿ, ಸರಿಯಾಗಿ 900 ಸೆಕೆಂಡ್ (15 ನಿಮಿಷ) ಕೊಟ್ಟರೆ, ಕತ್ತರಿ 900ಕ್ಕೆ ಬೀಳುವುದಿಲ್ಲ, ಅದರ ಮುಂದಿನ ಕೀಫ್ರೇಮಿಗೆ ಬೀಳುತ್ತದೆ. ಎಕ್ಸ್264 ಎಂಬ ವಿಡಿಯೊ ಎನ್ಕೋಡರಿನ ಡೀಫಾಲ್ಟ್‌ನಲ್ಲಿ ಎರಡು ಕೀಫ್ರೇಮುಗಳ ನಡುವೆ 250 ಫ್ರೇಮುಗಳವರೆಗೆ ಅಂತರ ಇರಬಹುದು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 10 ಸೆಕೆಂಡ್. ತುಂಡು ಮಿತಿ ದಾಟಿತು. 870 ಕೊಡಿ: ಒಂಬತ್ತು ತುಂಡು, ಒಂದೂ 15 ನಿಮಿಷ ಮೀರದು. ಟೈಮ್‌ಸ್ಟ್ಯಾಂಪ್ ರೀಸೆಟ್, ಅಂದರೆ ಪ್ರತಿ ತುಂಡಿನ ಗಡಿಯಾರವನ್ನು ಸೊನ್ನೆಗೆ ತರುವುದು, ಮರೆತರೆ ಎರಡನೇ ತುಂಡಿನ ಗಡಿಯಾರ ಕೆಲವು ಪ್ಲೇಯರುಗಳಲ್ಲಿ ಹದಿನಾಲ್ಕೂವರೆ ನಿಮಿಷದಿಂದ ಶುರುವಾಗುತ್ತದೆ.

ತುಣುಕನ್ನು ಇದೇ ‘ಕಾಪಿ’ಯಲ್ಲಿ ಕೀಫ್ರೇಮಿನ ಆಚೆ ಈಚೆ ತೆಗೆದರೆ ಮೊದಲು ಮೃದಂಗ ಕೇಳಿಸುತ್ತದೆ, ಪರದೆ ಒಂದೆರಡು ಸೆಕೆಂಡ್ ಕಪ್ಪು ಅಥವಾ ಸ್ತಬ್ಧ. ಕರಾರುವಾಕ್ಕಾಗಿ ಬೇಕೆಂದರೆ ಮತ್ತೆ ಎನ್ಕೋಡ್ ಮಾಡಬೇಕು. ಹೊತ್ತೂ ಹಿಡಿಯುತ್ತದೆ, ಗುಣಮಟ್ಟವೂ ಕೊಂಚ ಇಳಿಯುತ್ತದೆ.

‘ಕೀಲಿ ಚೌಕಟ್ಟು’ ಅಂದರೆ ಬಾಗಿಲಿಗೆ ಬೀಗ ಹಾಕಿದ ಹಾಗಿದೆ. ‘ಮುಖ್ಯ ಚೌಕಟ್ಟು’ ತಪ್ಪಲ್ಲ, ಏನನ್ನೂ ಹೇಳುವುದಿಲ್ಲ ಅಷ್ಟೆ. ‘ಗೆಣ್ಣು’ ಹೇಗೆ? ಬಿತ್ತನೆ ಕಬ್ಬನ್ನು ತುಂಡರಿಸುವಾಗ ಪ್ರತಿ ತುಂಡಿನಲ್ಲೂ ಗೆಣ್ಣು, ಅದರ ಕಣ್ಣು ಇರಬೇಕು, ಇಲ್ಲದಿದ್ದರೆ ಚಿಗುರುವುದಿಲ್ಲ. ವಿಡಿಯೊ ತುಂಡೂ ಗೆಣ್ಣಿನಿಂದಲೇ ಶುರುವಾಗಬೇಕು. ಸಂಕ್ರಾಂತಿ ಎಳ್ಳುಬೆಲ್ಲದ ಜೊತೆ ಬೀರುವ ಕಬ್ಬಷ್ಟೇ ಗೊತ್ತಿರುವ ಬೆಂಗಳೂರಿನವರಿಗೆ ಗೆಣ್ಣು ಅಂದರೆ ಹಲ್ಲಿಗೆ ಗಟ್ಟಿಯಾಗುವ ಗಂಟು. ಆದ್ದರಿಂದ ಒಂದು ಸಾಲಿನ ವಿವರಣೆ ಬೇಕಾದೀತು.

ಮಂಡ್ಯ ಕಡೆಯವರು ತಿಳಿಸಿ: ನಿಮ್ಮಲ್ಲಿ ಬಳಕೆ ‘ಗೆಣ್ಣು’ ಎಂದೋ ‘ಗಿಣ್ಣು’ ಎಂದೋ? ಎರಡನೆಯದಾದರೆ ಓದುವವರಿಗೆ ಈದ ಹಸುವಿನ ಹಾಲು ನೆನಪಾಗುತ್ತದೆ.